ಸೂಟು

ಗೋಡೆಗೆ ಅಂಟಿಸಿದ್ದು ನಾನೇ, ಮೈದಾ ಅಂಟು, ನಾಲ್ಕೂ ಮೂಲೆಗೆ:
ಬರವಣಿಗೆಗೆ ಎಂಬತ್ತು, ಶಾಲೆಯ ಕೈಲಿ ಇಪ್ಪತ್ತು,
ಎಂಬತ್ತರಲ್ಲಿ ಇಪ್ಪತ್ತೆಂಟು ಬರಲೇಬೇಕು,
ಎರಡೂ ಕೂಡಿ ಮೂವತ್ತೈದು,
ಹಾಜರಿ ನೂರಕ್ಕೆ ಎಪ್ಪತ್ತೈದು.
ಕೆಳಗೆ ಹೆಡ್‌ಮಾಸ್ಟರ ಸಹಿ, ಸಹಿಯ ಮೇಲೆ ವಾಲಿದ ಮೊಹರು.
ಹನ್ನೊಂದು ವರ್ಷದಿಂದ ಈ ಕಿಟಕಿಯ ಹಿಂದೆ ಕೂತು
ಇದನ್ನೇ ಹೇಳುತ್ತೇನೆ, ನಿದ್ದೆಯಲ್ಲೂ ತಪ್ಪದೆ.

ಫಲಿತಾಂಶದ ಮಾರನೆಯ ದಿನ ಜವರಯ್ಯ ಬಂದ,
ಹಾಸನದ ಎಪಿಎಂಸಿ ಯಾರ್ಡಿನಲ್ಲಿ ಆಲೂಗೆಡ್ಡೆ ತೂಗುವವನು,
ಹುಬ್ಬಿನ ಮೇಲೂ ಕೆಮ್ಮಣ್ಣು.
ಹಿಂದೆ ಮಗಳು ಸಿಂಚನ,
ದುಪಟ್ಟಾದ ತುದಿಯನ್ನು ಬೆರಳಿಗೆ ಸುತ್ತಿ, ಬಿಚ್ಚಿ, ಸುತ್ತಿ.

"ಗಣಿತದಲ್ಲಿ ಇವಳದು ಇಪ್ಪತ್ತೇಳು, ನೀವು ಕೊಟ್ಟಿದ್ದು ಹತ್ತೊಂಬತ್ತು.
ನಲವತ್ತಾರು. ಫೇಲು.
ಪಕ್ಕದ ಮನೆ ಕುಶಾಲನದು ಇಪ್ಪತ್ತೆಂಟು, ನೀವು ಕೊಟ್ಟಿದ್ದು ಏಳು.
ಮೂವತ್ತೈದು. ಪಾಸು.
ಇದು ಯಾವೂರ ತಕ್ಕಡಿ ಮೇಡಂ?"

ನಾನು ಗೋಡೆ ತೋರಿಸಿದೆ.
ತುಟಿ ಅಲುಗಿಸುತ್ತ ಓದಿದ. ಮತ್ತೆ ಓದಿದ.
"ಎಲ್ಲಾ ಬರೆದಿದೀರಿ. ಆ ಇಪ್ಪತ್ತೆಂಟನ್ನ
ಇಟ್ಟೋರು ಯಾರು ಅಂತ ಮಾತ್ರ ಬರೆದಿಲ್ಲ."

ನನಗೂ ಗೊತ್ತಿಲ್ಲ.
ನನ್ನ ಅಂಕಪಟ್ಟಿಯಲ್ಲಿ ಇಂಗ್ಲಿಷಿನ ಮುಂದೆ ಒಂದು ಪುಟ್ಟ ನಕ್ಷತ್ರವಿದೆ,
ಯಾರೋ ಕಾಣದ ಪುಣ್ಯಾತ್ಮ ಕೊಟ್ಟ ಮೂರು ಅಂಕ.
ನಾನು ಕೂತ ಕುರ್ಚಿಯ ಒಂದು ಕಾಲು ಆ ಮೂರರ ಮೇಲೆ ನಿಂತಿದೆ.
ಅದನ್ನು ಹೇಳಲಿಲ್ಲ.

ಅವನೇ ಹೇಳಿದ, ಧ್ವನಿ ಇಳಿಸಿ, ಮಗಳಿಗೆ ಕೇಳದ ಹಾಗೆ:
"ನಾವೂ ಮೂಟೆಗೆ ಎರಡು ಕೆಜಿ ಸೂಟು ಹಿಡೀತೀವಿ.
ಮಣ್ಣಿಗೆ ಅಂತೀವಿ. ಕೊಳೆತಿದ್ದಕ್ಕೆ ಅಂತೀವಿ.
ಉಜ್ಜಿ ಆರಿಸಿ ತಂದೋನಿಗೂ ಹಿಡೀತೀವಿ.
ಯಾಕಣ್ಣ ಅಂದ್ರೆ, ಪದ್ಧತಿ.
ಇಪ್ಪತ್ತು ವರ್ಷ ನಾನೇ ಅಂದಿದೀನಿ, ಪದ್ಧತಿ.
ಇವತ್ತು ಮೂಟೆ ಕಡೆ ನಿಂತಿದೀನಿ."

ದುಡ್ಡು ಕಟ್ಟಿ ಉತ್ತರಪತ್ರಿಕೆಯ ನಕಲು ತರಿಸಿದ.
ಕಿಟಕಿಯ ಕಟ್ಟೆಯ ಮೇಲೆ ಹಾಳೆ ಹರಡಿ
ಕಿವಿಸಂದಿಯ ಪೆನ್ಸಿಲು ತೆಗೆದು
ತೂಕದ ಚೀಟಿಯ ಬೆನ್ನಿಗೆ ಕೂಡಿದ, ಲೋಡು ಕೂಡುವಂತೆ,
ಐದಕ್ಕೊಂದು ಅಡ್ಡಗೀಟು.
ಮೇಲಿಂದ ಕೆಳಗೆ. ಕೆಳಗಿಂದ ಮೇಲೆ.
ಪ್ರಮೇಯದ ಪುಟದಲ್ಲಿ ತಡೆದು ನಿಂತ.
ಚಿತ್ರ ಚೆಂದವಿತ್ತು, ಸಾಧನೆ ಮೂರನೇ ಸಾಲಿಗೇ ಕಡಿದಿತ್ತು.
"ಇಲ್ಲೇನಾಯ್ತವ್ವ?"
"ಬೆಲ್ ಹೊಡೀತಪ್ಪ."

ಮೇಜಿನ ಕೆಳಗೆ ನಾನು ಬೆರಳು ಮಡಚಿ ಕೂತಿದ್ದೆ:
ಎಲ್ಲಾದರೂ ಒಂದು ಬಿಟ್ಟುಹೋಗಿರಲಿ ದೇವರೆ,
ಕೂಡಿದವರಿಗೆ ನಿದ್ದೆ ಬಂದಿರಲಿ, ಫ್ಯಾನು ನಿಂತಿರಲಿ,
ಒಂದೇ ಒಂದು.

ಇಪ್ಪತ್ತೇಳು.
ಮೂರನೇ ಸಲವೂ ಇಪ್ಪತ್ತೇಳು.

ಹಾಳೆಗಳನ್ನು ಅಂಚಿಗೆ ಅಂಚು ಹಿಡಿದು ಮಡಚಿದ.
"ತೂಕ ಸರಿ ಇದೆ" ಅಂದ.
ಅಷ್ಟು ಮೆಲ್ಲಗೆ ಆ ಮಾತನ್ನು
ಯಾವ ರೈತನಿಗೂ ಅವನು ಹೇಳಿರಲಾರ.

ಎರಡನೇ ಪರೀಕ್ಷೆಯ ಅರ್ಜಿ ಕೊಟ್ಟೆ. ಸಿಂಚನ ತುಂಬಿದಳು:
ಹೆಸರು, ತಾಯಿಯ ಹೆಸರು, ವಿಷಯ ಒಂದೇ.
ಫೋಟೋದೊಳಗಿನ ಹುಡುಗಿ ಇನ್ನೂ ನಗುತ್ತಿದ್ದಳು,
ಹೋದ ವರ್ಷ ತೆಗೆಸಿದ್ದು, ಅವಳಿಗೆ ಸುದ್ದಿ ಮುಟ್ಟಿಲ್ಲ.
ಅಂಟು ಒತ್ತುತ್ತ ಕೇಳಿದಳು:
"ಮೇಡಂ, ಆ ಹತ್ತೊಂಬತ್ತು ಹಾಗೇ ಇರುತ್ತಾ?"

ಹನ್ನೊಂದು ವರ್ಷದಲ್ಲಿ ನಿಯಮವೊಂದನ್ನು
ಹೇಳಲು ನಾನು ಆತುರಪಟ್ಟದ್ದು ಅದೇ ಮೊದಲು.
"ಇರುತ್ತೆ ಕಣೆ."

ಬಾಗಿಲ ತನಕ ಹೋದ ಜವರಯ್ಯ ತಿರುಗಿದ.
"ಅದರಲ್ಲಿ ಸೂಟು ಹಿಡಿಯಲ್ವಾ?"

"ಹಿಡಿಯಲ್ಲ" ಅಂದೆ,
ಮೊಹರನ್ನು ಈ ಸಲ ನೆಟ್ಟಗೆ ಒತ್ತುತ್ತ.