ಹನ್ನೊಂದು ತಿಂಗಳ ತ್ವಾಟ

ಸಿಮೆಂಟ್ ಚೀಲದ ಒಳಗಿನ ಹಾಳಿ ಕೊಡವಿ ಹಾಸೀನಿ,
ಸೆಂಟ್ರಿಂಗ್ ಬಡಿಗ್ಯಾನ ಕೆಂಪು ಪೆನ್ಸಿಲ್ ಐತಿ.
ದ್ರಾಕ್ಷಾಯಣಿ, ಕುಂದ್ರು ಬಾ.
ನಾ ಹೇಳತೀನಿ, ನೀ ಬರಿ.

ಗ್ವಾಡಿಗೂ ಗಟಾರಕ್ಕೂ ನಡುವ
ನಾಕು ಗೇಣು ಅಗಲ, ಹದಿನೇಳು ಗೇಣು ಉದ್ದ.
ನಗಬ್ಯಾಡ.
ವಾಸ್ಕೋದಾಗ ಮಂದಿಗೆ ಎಷ್ಟೋ ಗ್ಯಾಲರಿಗೆ ಉಸುಕು ಹೊತ್ತೀನಿ,
ಯಾವುದಕ್ಕ ಎಷ್ಟೊತ್ತಿಗೆ ಬಿಸಿಲು ಅನ್ನೋದು
ಎಂಜಿನೀರ್‌ಗಿಂತ ಮೊದಲ ನನ್ನ ನೆತ್ತಿಗೆ ಗೊತ್ತು.

ನಮ್ಮ ಬಿಸಿಲು ತಡಾ ಮಾಡಿ ಬರತೈತಿ.
ಐತವಾರ ಇಡೀ ದಿನ ಕುಂತು
ಇದ್ದಲಿಲೆ ಗ್ವಾಡಿ ಮ್ಯಾಲ ಗೆರಿ ಎಳದೀನಿ, ನೋಡು:
ಹತ್ತೂವರಿಗೆ ತಗಡು ದಾಟಿ ಇಳೀತೈತಿ,
ಮೂರಕ್ಕ ಎದುರಿನ ಮಹಡಿ ಅದನ್ನ ನುಂಗತೈತಿ.
ಗೆರಿ ಒಳಗ ಟೊಮೆಟೊ, ಮೆಣಸಿನಕಾಯಿ.
ಗೆರಿ ಹೊರಗ ಪುದೀನಾ, ಬಸಳಿ,
ನೆರಳಿನ್ಯಾಗೂ ಬದುಕೂವಂಥವು.

ನೆಲ ಅಗಿಯೂ ಹಂಗಿಲ್ಲ.
ಖೋಲಿ ಕೊಡೂವಾಗನ ಪಿಯೆದಾದ್ ಬಾಯಿ
ಬೆರಳು ಎತ್ತಿ ಹೇಳ್ಯಾಳ.
ಅದಕ್ಕ ಚೀಲ. ಖಾಲಿ ಸಿಮೆಂಟ್ ಚೀಲ ಹದಿನಾಲ್ಕು
ಮೇಸ್ತ್ರಿಗೆ ಕೇಳಿ ತಂದೀನಿ.
ಮೂರು ನೀರಿನ್ಯಾಗ ತೊಳಿಬೇಕು,
ಸಿಮೆಂಟ್ ಕೈ ಸುಟ್ಟಂಗ ಬೇರೂ ಸುಡತೈತಿ.
ತಳಕ್ಕ ಹೆಂಚಿನ ಚೂರು, ಮ್ಯಾಲ ಕೆಂಪು ಮಣ್ಣು.
ಗುಡ್ಡ ಕಡದ ಜಾಗಾದಾಗ ರಾಶಿ ಬಿದ್ದೈತಿ, ಯಾರೂ ಕೇಳೂದಿಲ್ಲ.

ಈಗ ರೊಕ್ಕದ ಮಾತು. ಬರಕೋ.
ಸಗಣಿ ಗೊಬ್ಬರ ಒಂದು ಚೀಲ, ಅರವತ್ತು.
ಹೀರಿ ಬಳ್ಳಿ ತಗಡಿಗೆ ಏರಾಕ ಹಗ್ಗ, ನಲವತ್ತು.
ತಾಂಬ್ಡಿ ಭಾಜಿ ಬೀಜ, ಇಪ್ಪತ್ತು.
ಕೊತ್ತಂಬರಿ ಡಬ್ಬಿಯೊಳಗ ಐತಿ,
ಚಪ್ಪಲಿ ತಳದಾಗ ತಿಕ್ಕಿ ಎರಡು ಹೋಳು ಮಾಡಿದ್ರ ಆತು.
ಮೆಂತ್ಯ, ಮೆಣಸಿನಕಾಯಿ ಬೀಜಾನೂ ಮನ್ಯಾಗಿನವ.
ಟೊಮೆಟೊ? ಸಂತ್ಯಾಗ ಕೊಳತದ್ದು ಪುಕ್ಕಟೆ.
ಬಸಳಿ ಕಡ್ಡಿ ಬಾಯಿ ಬೇಲಿಗೆ ಐತಿ,
ಕೇಳಿ ಮುರಿಬೇಕು, ಕೇಳದ ಮುರಿಬಾರದು.
ಆಕಿ ಮೀನ ತೊಳದ ನೀರೂ ನಮಗ ಅಂದ್ಲು,
ವಾಸನಿ ಬಂದ್ರ ನನ್ನ ಹೆಸರು ಹೇಳಬ್ಯಾಡ ಅಂತನೂ ಅಂದ್ಲು.
ಎಷ್ಟಾತು? ನೂರಿಪ್ಪತ್ತು.
ನಿಮ್ಮಪ್ಪನ ಗುಟ್ಕಾ ವಾರದ್ದು ಅದಕ್ಕಿಂತ ಹೆಚ್ಚಾಕ್ಕೈತಿ,
ಅದನ್ನ ಮಾತ್ರ ಬರಿಬ್ಯಾಡ.

ಹಣ್ಣು ಒಂದ ಒಂದು. ಪಪ್ಪಾಯಿ.
ಕಿವಿ ಹರದ ಬಣ್ಣದ ಡ್ರಮ್ಮಿನ್ಯಾಗ, ಆ ಮೂಲಿಗೆ,
ಬಿಸಿಲು ಕಡೀಗೆ ಹೋಗೂ ಜಾಗಾದಾಗ.
ಪಪ್ಪಾಯಿಗೆ ಹತ್ತು ತಿಂಗಳು.
ಖೋಲಿ ಕರಾರಿಗೆ ಹನ್ನೊಂದು.
ಒಂದು ತಿಂಗಳು ಸಿಗತೈತಿ ತಿನ್ನಾಕ.

ಯಾಕ ಪೆನ್ಸಿಲ್ ಕೆಳಗಿಟ್ಟಿ?

ದ್ರಾಕ್ಷಿ ಹಚ್ಚೋಣು ಅಂತೀ.
ನಿನ್ನ ಹೆಸರಿನ್ಯಾಗ ಐತಿ ಅಂತ.
ಎರಡು ವರ್ಷಕ್ಕೂ ಬಿಡೂದು ಖಾತ್ರಿ ಇಲ್ಲವ್ವ.
ಈ ಉಪ್ಪು ಗಾಳಿಗೆ, ಈ ಮಳಿಗೆ
ಎಲಿ ಕಪ್ಪಾಗಿ ಉದುರತಾವಂತ.
ಅಷ್ಟರಾಗ ನಾವು ಎಲ್ಲಿ ಇರತೀವೋ,
ಮಡಗಾಂವ್‌ದಾಗೋ, ಪೊಂಡೆದಾಗೋ,
ಎಲ್ಲಿ ಕಟ್ಟಡ ಏಳತೈತೋ ಅಲ್ಲಿ.

ಬರಿಬ್ಯಾಡ ಅಂದ್ನೇನು?
ಬರಿ, ಬರಿ.
ಹದಿನಾಲ್ಕನೇ ಚೀಲ, ದ್ರಾಕ್ಷಿ, ಕಡ್ಡಿ ಒಂದು.
ಮುಂದಿನ ತಿಂಗಳು ಊರಿಂದ ಬರೂ ಬಸ್ಸಿನ್ಯಾಗ
ನಿಮ್ಮ ಸ್ವಾದರಮಾವಗ ಹೇಳಿ ತರಸ್ತೀನಿ.
ಬಂದ್ರ ಬಂತು.

ಉಳಿದ ಹದಿಮೂರು ಹಂಗ ಇರಲಿ,
ಮುಂದ ಬರೂ ಮಂದಿ ತಿಂತಾರ.
ಇದೊಂದು ಚೀಲ ಮಾತ್ರ ದಬ್ಬಣ ತಗೊಂಡು
ಸುತ್ತಲಿ ದಾರ ಎರಡೆಳಿ ಮಾಡಿ
ಎರಡೂ ಕಡಿಗೆ ಗಟ್ಟಿ ಕಿವಿ ಹೊಲಿ.
ನೀ ಒಂದು ಕಿವಿ ಹಿಡೀಬೇಕಾಕ್ಕೈತಿ.
ಮಣ್ಣು ಹಸಿ ಇದ್ರ ಭಾರ ಬಾಳ.