ಮೊಂಡು ಎಸಳು

ಕಳ್ಳನನ್ನು ಹಿಡಿದುಕೊಡುವುದು ಸರಿಯಾದ ಸಾಲಲ್ಲ,
ತಪ್ಪಿದ ಸಾಲು.
ಇದನ್ನು ಕಲಿತದ್ದು ಎಂಬತ್ತೊಂಬತ್ತರಲ್ಲಿ,
ಬ್ಯೂನಸ್ ಐರಿಸ್‌ನ ತಾಲ್ಕವಾನೊ ಬೀದಿಯಲ್ಲಿ,
ಪಾರಿವಾಳದ ಹಿಕ್ಕೆ ಬಿದ್ದ ಮೆಟ್ಟಿಲು ಹತ್ತಿ.

ದಾಸ್ತಾನು ಲೆಕ್ಕದ್ದೊಂದು ಪ್ರೋಗ್ರಾಮು, ಎರಡು ಫ್ಲಾಪಿ,
ನನ್ನದು ನನ್ನದು ಎನ್ನುವ ಭಾವ, ಮೈದುನ.
ಬೇಳೆಯಲ್ಲಿ ಕಲ್ಲು ಆರಿಸಿದ ಹಾಗೆ
ಬೆರಳಿಟ್ಟು ಓದಿದೆ ಒಂಬತ್ತು ರಾತ್ರಿ.
ಹನ್ನೊಂದು ಸಾವಿರ ಚಿಲ್ಲರೆ ಸಾಲು ದಾಟಿದ ಮೇಲೆ
'ಗೋದಾಮು' ಎಂಬಲ್ಲಿ ಒಂದಕ್ಷರ ಕಡಿಮೆ.
ಎರಡರಲ್ಲೂ.
ನ್ಯಾಯಾಧೀಶರು ಕನ್ನಡಕ ತೆಗೆದು ನಕ್ಕರು.
ಬೆಳಗಿನ ಹಣಕ್ಕೆ ಸಂಜೆ ಬೆಲೆಯಿಲ್ಲದ ಕಾಲ;
ಗೆದ್ದವನು ಫೀಸಿನ ಬದಲು ಫ್ರಿಜ್ಜು ಕಳಿಸಿದ.

ಅಲ್ಲಿಂದ ನನ್ನ ಬದುಕು
ಅಸಲು ನಕಲುಗಳ ನಡುವಿನ ಸಂದಿಯಲ್ಲಿ.
ಕ್ಯಾಸೆಟ್ಟು, ಸೀಡಿ, ಆಮೇಲೆ
ಮುಟ್ಟಲು ಸಿಗದ, ಮೊಹರು ಹಾಕಲಾಗದ ಏನೇನೋ.
ಕಳ್ಳ ಕ್ಯಾಸೆಟ್ಟಿನ ರಾಶಿಗೆ ಬೆಂಕಿಯಿಟ್ಟಾಗ
ಪೊಲೀಸರ ಪಕ್ಕ ನಿಂತು ಫೋಟೊ ತೆಗೆಸಿಕೊಂಡೆ.
ಕಪ್ಪು ಹೊಗೆ. ಒಂದು ಹಾಡೂ ಕೇಳಿಸಲಿಲ್ಲ.
'ನೀನು ಯಾರ ಪರ, ದೆಲ್ಫೀನಾ?' ಅಮ್ಮ ಕೇಳಿದ್ದಳು.
ಮೊದಲು ಮಾಡಿದವರ ಪರ, ಎಂದೆ.
'ಮೊದಲು ಮಾಡಿದ್ದು ಯಾರು?'
ಅವಳು ದರ್ಜಿ. ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ
ಕೇಳುತ್ತಿದ್ದಳು ಇಂಥವನ್ನು.

ಈಗ ದೋನ್ ಎಲೆಉತೇರಿಯೊ ಬರ್ಸೋಲ, ಎಪ್ಪತ್ತೊಂಬತ್ತು.
ನಗರದ ಬಸ್ಸುಗಳ ಪಕ್ಕೆಗೆ ಹೂ ಬರೆದವನು,
ಬಳ್ಳಿ, ಬಾಲ ತಿರುಚಿದ ಡ್ರ್ಯಾಗನ್ನು,
ಚಾಲಕರ ಪ್ರೇಯಸಿಯರ ಹೆಸರು, ಹೆಸರು ಅಳಿಸಿ ಬೇರೆ ಹೆಸರು.
ಅವನ ಹೂವಿಗೆ ಐದು ಎಸಳು, ಐದನೆಯದು ಮೊಂಡು.
ಹುಡುಗನಿದ್ದಾಗ ಬಣ್ಣ ಸಾಲದೆ ಬಂತಂತೆ,
ಆಮೇಲೆ ಕೈ ಹಟ ಹಿಡಿಯಿತಂತೆ.

ಇವತ್ತು 'ಬಸ್ಸಿನ ಹೂ' ಎಂದು ಕುಟ್ಟಿದರೆ
ಕಣ್ಣು ಮಿಟುಕಿಸುವಷ್ಟರಲ್ಲಿ ನಾಲ್ಕು ಹೂ ಕೊಡುತ್ತದೆ ಯಂತ್ರ.
ಮೂರಕ್ಕೆ ಎಸಳು ಮೊಂಡು.
ನನಗೆ ಆ ಹಳೆಯ ಗೋದಾಮಿನ ವಾಸನೆ ಬಂತು.
ವಾಕ್ಯ ಹೊಸೆದೆ, ಲಿಫ್ಟಿನ ಕನ್ನಡಿಗೆ ಹೇಳಿ ನೋಡಿದೆ:
'ಈ ಯಂತ್ರಕ್ಕೆ
ಬಣ್ಣ ಸಾಲದೆ ಹೋದದ್ದು ಯಾವಾಗ?'

ಎದುರು ವಕೀಲ ಎಚೆಪಾರೆ, ನನ್ನ ಮಗನ ವಯಸ್ಸು.
ಹೂಗಳನ್ನು ನೋಡಲೇ ಇಲ್ಲ ಅವನು. ಒಂದು ಹಾಳೆ ಸರಿಸಿದ:
ಮೊಮ್ಮಗಳು ಅಜ್ಜನ ಬಸ್ಸುಗಳ ಚಿತ್ರ ಏರಿಸಿದ ಜಾಲತಾಣದ ಷರತ್ತು.
ಕಲಮು ಹದಿನಾಲ್ಕು. ಓದಿದ, ಚೆನ್ನಾಗಿಯೇ ಓದಿದ:
'ಸದರಿ ಚಿತ್ರಗಳ ಬಳಕೆಯ ಹಕ್ಕು, ಎಂದೆಂದಿಗೂ,
ಮತ್ತು ಅದರ ನಂತರವೂ.'

ಎಂದೆಂದಿಗೂ ಆದ ಮೇಲೆ ಇನ್ನೆಂಥ ನಂತರ?

ಎರಡು ಸಾವಿರದ ಎಂಟು. ಮಗನಿಗೆ ಜ್ವರ.
ಯಾವುದೋ ಪುಟ್ಟ ಕಂಪನಿಗೆ ಷರತ್ತು ಬರೆಯುತ್ತಾ
ಒಂದು ಕೈ ಅವನ ಹಣೆಯ ಮೇಲೆ, ಒಂದು ಕೀಲಿಗಳ ಮೇಲೆ,
ಎರಡೂವರೆಗೆ ಕಳಿಸಿ ಮಲಗಿದ್ದೆ.
ಯಾರೂ ತಿದ್ದಲಿಲ್ಲ, ಯಾರೂ ಓದಿರಲಿಲ್ಲ.
ಕಂಪನಿ ಮುಳುಗಿತು. ಕಲಮು ಈಜಿತು,
ಒಬ್ಬರಿಂದೊಬ್ಬರು ಎತ್ತಿಕೊಂಡು, ಅಂಟಿಸಿಕೊಂಡು,
ಇಲ್ಲಿಯ ತನಕ.
ನನ್ನನ್ನು ಯಾರೂ ಕೇಳಲಿಲ್ಲ. ಕೇಳಬೇಕಾಗಿಯೂ ಇರಲಿಲ್ಲ:
ಷರತ್ತಿನ ಮಾತಿಗೆ ಹೆತ್ತವರ ಹೆಸರು ಹಚ್ಚುವ ರೂಢಿಯಿಲ್ಲ.

ಟರ್ಪೆಂಟೈನ್ ನಾರುವ ಮುದುಕ ಬಾಗಿ ಪಿಸುಗುಟ್ಟಿದ:
'ಏನಂತೆ?'
ಮೊಂಡು ಎಸಳು ಸಿಕ್ಕಿದೆ, ಎಂದೆ.
ಅವನ ಮುಖ ಅರಳಿತು.

ಎದ್ದು ನಿಂತೆ. ಲಿಫ್ಟಿನ ವಾಕ್ಯ ನಾಲಿಗೆಯ ತುದಿಯಲ್ಲೇ ಇತ್ತು.
'ಸ್ವಾಮಿ, ಕಲಮು ಹದಿನಾಲ್ಕರಲ್ಲಿ ಒಂದು ತಪ್ಪಿದೆ,'
ಎಂದು ಶುರುಮಾಡಿದೆ,
'ಅದು ಯಾರ ಕೈಯದ್ದು ಅಂತ ಮೊದಲು ಹೇಳಿಬಿಡುತ್ತೇನೆ.'