ಮೈಂದರ್ಗಿಯಲ್ಲಿ ಮೂರು ನಿಮಿಷ

ಮುಟ್ಟಬಾರದು, ಮಾತಾಡಿಸಬಾರದು,
ಗಿಲಕಿ ಆಡಿಸಬಾರದು, ನಗಬಾರದು.
ಮೂರು ನಿಮಿಷ ಕೂಸನ್ನು ಅದರ ಪಾಡಿಗೆ ಬಿಟ್ಟು
ಮೇಲಿನಿಂದ ನೋಡಬೇಕು. ಇಷ್ಟೇ ಪರೀಕ್ಷೆ.

ಇಷ್ಟೇ ಎಂದಾಗ ಗುರುಬಸವ್ವ ಬಾಗಿಲಿಗೆ ಅಡ್ಡ ಕೂತಳು.
‘ಎವಿ ಬಡೀಲಾರದ ಮೂರು ನಿಮಿಷ?
ಸಂತ್ಯಾಗ ಆಡಿನ ಮರಿ ನೋಡಿದಂಗ?
ಕೆಮ್ಮಿಲ್ಲ, ಜ್ವರಿಲ್ಲ, ಮಲಿ ಕುಡೀತೈತಿ.
ಏನೂ ಆಗಿಲ್ಲದ ಕೂಸಿನ್ನ ಯಾಕ ನೋಡ್ತಿಯವಾ?’

ಏನೂ ಆಗದಿರುವುದು ಹೇಗೆ ಕಾಣುತ್ತದೆ
ಎಂದು ತಿಳಿಯಲಿಕ್ಕೆ, ಎನ್ನಬೇಕೆಂದಿದ್ದೆ.
ಬಾಯಿಗೆ ಬಂದದ್ದು ಮಾತ್ರ: ಎಷ್ಟು ದಿನದ ಕೂಸು?
‘ಮಹಾನವಮಿಗಿ ಹುಟ್ಟಿದ್ದು.
ಎಳ್ಳಮಾಸಿ ಚರಗಾ ಚೆಲ್ಲಿ ಇವತ್ತಿಗಿ ನಾಕ ದಿನ.’
ಬೆರಳು ಮಡಚಿ ಎಣಿಸಿದೆ: ಹನ್ನೆರಡು ವಾರ,
ಒಂದು ದಿನ ಹೆಚ್ಚಿಲ್ಲ, ಕಡಿಮೆಯಿಲ್ಲ.
ಮರಾಠಿ ಫಾರ್ಮಿನಲ್ಲಿ ಬರೆದುಕೊಂಡೆ.
ಹೆಸರಿನ ಕಡೆ: ಜಗದೇವಿಯ ಕೂಸು.
ಅಜ್ಜಿ ಕರೆಯುವುದು ತಿಪ್ಪಿ ಎಂದು,
ತಿಪ್ಪೆಗೆ ಬಿಸಾಕಿದ್ದೆಂದು ತಿಳಿದು
ಸಾವು ಮುಂದಿನ ಓಣಿಗೆ ಹೋಗಲಿ ಎಂದು.

ಮೊದಲು ಸಣ್ಣಪುಟ್ಟವು.
ಕೆಂಪು ಉಣ್ಣೆಯ ಚೆಂಡು ಎಡದಿಂದ ಬಲಕ್ಕೆ ಹೋಯಿತು,
ಕಣ್ಣು ಹಿಂದೆಯೇ ಬಂದವು,
ನಡುವೆ ಮೂಗಿನ ಮೇಲೆ ದಾರಿ ತಪ್ಪಿ ಮತ್ತೆ ಹಿಡಿದವು.
ಅಂಗೈಗೆ ಬೆರಳಿಟ್ಟೆ: ಮುಷ್ಟಿ ಅಷ್ಟು ಬಿಗಿಯಿಲ್ಲ,
ಹುಟ್ಟಿನ ಹಿಡಿತ ಸಡಿಲುತ್ತಿದೆ; ಸಡಿಲಲೇಬೇಕು,
ಇಲ್ಲವಾದರೆ ನಾಳೆ ರೊಟ್ಟಿಯ ಚೂರು ಹಿಡಿಯುವುದು ಹೇಗೆ?
ಎರಡೂ ಕೈ ಹಿಡಿದು ಎಬ್ಬಿಸಿದೆ:
ತಲೆ ತುಸು ಹಿಂದೆ ಉಳಿದು,
ಏನೋ ನೆನಪಾದಂತೆ ಬಂದು ಭುಜಗಳ ನಡುವೆ ನಿಂತಿತು.

ಆಮೇಲೆ ಚಾದರದ ಮೇಲೆ ಮಲಗಿಸಿ ಫೋನು ಎತ್ತಿ ಹಿಡಿದೆ.
ಎಲ್ಲಿ ಲಲ್ಲೆ ಹೊರಬಿದ್ದೀತೋ ಎಂದು
ಜಗದೇವಿ ಬಾಯಿಗೆ ಸೆರಗು ಒತ್ತಿಕೊಂಡಳು.

ಮೊದಲ ನಿಮಿಷ ಏನಿಲ್ಲ. ಕೂಸು ಜಂತಿ ನೋಡಿತು.
ಮತ್ತೆ ಶುರುವಾಯಿತು.
ದೊಡ್ಡದೇನಲ್ಲ. ಮಣಿಕಟ್ಟು ಬಾ ಎಂದಿತು,
ಹಿಮ್ಮಡಿ ಒಲ್ಲೆ ಎಂದಿತು,
ಕುತ್ತಿಗೆ ಎರಡನ್ನೂ ಕೇಳಿಸಿಕೊಂಡು ಅತ್ತಿತ್ತ ಹೊರಳಿತು,
ಭುಜ, ಸೊಂಟ, ಮತ್ತೆ ಬೆರಳು,
ಯಾವುದೂ ಯಾವುದಕ್ಕೂ ಕಾಯದೆ,
ಹಿಂಗಾರಿ ಜೋಳದ ಹೊಲದಲ್ಲಿ ಗಾಳಿ ನಿಂತ ಮೇಲೂ
ಅಲ್ಲೊಂದು ಇಲ್ಲೊಂದು ಗರಿ ಅಲುಗುತ್ತಲೇ ಇರುವಂತೆ.

ಇದು ಬೇಕು. ಇದು ಇಲ್ಲದಿದ್ದರೆ ಏನೆಂದು
ಆ ಮನೆಯಲ್ಲಿ ನಾನು ಹೇಳಲಿಲ್ಲ.

ಗುರುಬಸವ್ವನೇ ಹೇಳಿದಳು, ಮೆಲ್ಲಗೆ, ಗೋಡೆಗೆ:
‘ನಮ್ಮ ನಡುವಿನಾಂವ ವರ್ಷ ತುಂಬಿದರೂ ಗೋಣು ನಿಲ್ಲಿಸಲಿಲ್ಲ.
ದಿಷ್ಟಿ ಆಗೈತಿ ಅಂದ್ರು.
ಯಾರ ದಿಷ್ಟಿ? ಬಂದವ್ರೆಲ್ಲಾ ಅವನ್ನ ಬಿಟ್ಟು
ಮಾಡದೊಳಗಿನ ಚಿಮಣಿ ನೋಡ್ತಿದ್ರು.’
ಮಾತಾಡಬಾರದಿತ್ತು. ನಾನು ತಡೆಯಲಿಲ್ಲ.
ಕೂಸು ತನ್ನ ಕೆಲಸ ನಿಲ್ಲಿಸಲಿಲ್ಲ.

ಮೂರು ನಿಮಿಷ. ಗುಂಡಿ ಒತ್ತಿದೆ.
‘ಹೆಂಗೈತ್ರಿ?’ ಎಂದಳು ಜಗದೇವಿ.
ಛಲೋ ಎನ್ನುವಷ್ಟರಲ್ಲಿ ಮುದುಕಿ ಕೈ ಎತ್ತಿದಳು.
ಬರೆದದ್ದನ್ನೇ ಓದಿದೆ: ಸಹಜ.
ಆ ಮಾತನ್ನು ಅಡಿಕೆ ಹೋಳಿನಂತೆ ದವಡೆಗಿಟ್ಟು ನೋಡಿದಳು.
‘ಹಾಂ. ಇದಕ್ಕ ಯಾರೂ ಹೊಟ್ಟಿಕಿಚ್ಚು ಪಡೂದಿಲ್ಲ.’
ಉಪ್ಪು, ಮೂರು ಒಣಮೆಣಸಿನಕಾಯಿ ಕೂಸಿಗೆ ಇಳಿಸಿ,
ತುಸು ಯೋಚಿಸಿ, ಫೋನಿಗೂ ಇಳಿಸಿದಳು.

ಸೋಲಾಪುರದ ಎಸ್ಟಿಯಲ್ಲಿ ಮತ್ತೆ ನೋಡುತ್ತಿದ್ದೆ,
ತೊಡೆಯ ಮೇಲೆ ಅವರು ಕಟ್ಟಿಕೊಟ್ಟ ಶೇಂಗಾ ಹೋಳಿಗೆ,
ಕಿವಿಯಲ್ಲಿ ಗೋಡೆಗೆ ಹೇಳಿದ ಆ ದನಿ.
ಪಕ್ಕದ ಸೀಟಿನಾಕೆ ಬಗ್ಗಿದಳು:
‘ಅಯ್ಯ, ಎಷ್ಟ ಚಂದ ಐತ್ರಿ! ಯಾರ ಕೂಸು?’
ನನ್ನ ಅಂಗೈ ತಾನಾಗಿ ಪರದೆಯ ಮೇಲೆ ಬಂತು.
ಬೆರಳ ಸಂದಿಯಲ್ಲಿ
ಒಂದು ಹಿಮ್ಮಡಿ ಇನ್ನೂ ಆಡುತ್ತಿತ್ತು.